ನಲವತ್ತೆರಡು ಸ್ಟೂಲುಗಳ ಸಂಘ

ಮಂಗಳೂರಿನ ಕೊಟ್ಟಾರದಲ್ಲಿ ಹೆದ್ದಾರಿಗೆ ಮುಖ ಮಾಡಿರುವ ‘ಗುಲಾಬಿ ವಸ್ತ್ರವೈಭವ’ ಎಂಬ ಮೂರು ಮಾಳಿಗೆಯ ಜವಳಿ ಅಂಗಡಿಯಲ್ಲಿ ನಲವತ್ತೊಂದು ಮಂದಿ ಮಾರಾಟ ಸಹಾಯಕರು ದುಡಿಯುತ್ತಿದ್ದು, ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ ಅವರಲ್ಲಿ ಯಾರೂ ಕುಳಿತುಕೊಳ್ಳುವುದಿಲ್ಲ. ಇದನ್ನು ದೂರು ಎಂದು ಯಾರೂ ತಿಳಿಯಬಾರದು. ಅಂಗಡಿಯ ನಿಯಮಾವಳಿಯ ಏಳನೆಯ ಕಲಮಿನಲ್ಲೇ ಹೀಗೆ ಬರೆದಿದೆ: ‘ಕುಳಿತ ಸಿಬ್ಬಂದಿಯನ್ನು ಕಂಡ ಗಿರಾಕಿಗೆ ಇಲ್ಲಿ ವ್ಯಾಪಾರವಿಲ್ಲವೆಂಬ ಭಾವನೆ ಬರುವುದರಿಂದ, ಸಿಬ್ಬಂದಿಯು ಗಿರಾಕಿ ಇದ್ದಾಗ ಗಿರಾಕಿಗಾಗಿಯೂ, ಇಲ್ಲದಿದ್ದಾಗ ಬರಲಿರುವ ಗಿರಾಕಿಗಾಗಿಯೂ ನಿಂತಿರತಕ್ಕದ್ದು.’ ಮಧ್ಯಾಹ್ನ ಇಪ್ಪತ್ತು ನಿಮಿಷದ ಊಟದ ಬಿಡುವಿನಲ್ಲಿ ಕೂರಲು ಅಡ್ಡಿಯಿಲ್ಲ. ಊಟದ ಕೋಣೆಯಲ್ಲಿ ಇರುವುದು ಒಂದೇ ಬೆಂಚು.

ಎರಡನೇ ಮಾಳಿಗೆಯ ಮದುವೆ ಸೀರೆ ವಿಭಾಗದ ಭವ್ಯಶ್ರೀ ಹೀಗೆ ನಿಲ್ಲಲು ಶುರುಮಾಡಿ ಒಂಬತ್ತು ವರ್ಷವಾಗಿತ್ತು. ಶಕ್ತಿನಗರದಿಂದ ಬರುವ ಬಸ್ಸಿನಲ್ಲಿ ನಿಂತು ಅಂಗಡಿಗೆ ಬಂದು, ಇಡೀ ದಿನ ಅಂಗಡಿಯಲ್ಲಿ ನಿಂತು, ಮತ್ತೆ ಬಸ್ಸಿನಲ್ಲಿ ನಿಂತು ಮನೆಗೆ ಹೋಗುವಳು. ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಂದು ಸೀರೆಗೆಂದು ಬಂದವರ ಮುಂದೆ ಸೆರಗನ್ನು ಅವಳು ಬಿಡಿಸಿ ಹರಡುವ ರೀತಿಗೆ ಮೂರು ಸೀರೆ ಕಟ್ಟಿಸಿಕೊಂಡು ಹೋದವರೇ ಹೆಚ್ಚು. ಆದರೆ ಕಳೆದೆರಡು ವರ್ಷಗಳಿಂದ ಮೀನಖಂಡದ ನರಗಳು ಗಂಟು ಗಂಟಾಗಿ ಎದ್ದಿದ್ದವು. ಕೂತು ಮಾಡುವ ಕೆಲಸ ನೋಡಿಕೊಳ್ಳಿ, ಇಲ್ಲವಾದರೆ ವರ್ಷದೊಳಗೆ ಆಪರೇಶನ್ ಮಾಡಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಬೇರೆ ಕೆಲಸ ಅವಳಿಗೆ ಬೇಡವಾಗಿತ್ತು. ಅವಳಿಗೆ ಬೇಕಾದದ್ದು ಒಂದು ಸ್ಟೂಲು. ಒರಗುವ ಕುರ್ಚಿಯನ್ನು ಅವಳು ಕನಸಿನಲ್ಲೂ ಕೇಳಿದವಳಲ್ಲ.

ಅವಳು ಮೊದಲು ಹೋದದ್ದು ಮ್ಯಾನೇಜರ್ ಪೃಥ್ವಿರಾಜನ ಬಳಿಗೆ. ಪೃಥ್ವಿರಾಜ್ ಎಂಬಿಎ ಓದಿದ ಸಭ್ಯ ಯುವಕ. ಅಂಗಡಿ ನಡೆಸುವ ಚಿತ್ತರಂಜನ ಶೆಟ್ಟರ ಅಕ್ಕನ ಮಗನಾದ್ದರಿಂದ, ಮುಂದೆ ಇದೆಲ್ಲ ಅವನದ್ದೇ ಎಂದು ಅಂಗಡಿಯ ಗೊಂಬೆಗಳಿಗೂ ಗೊತ್ತಿತ್ತು. ಅವನು ಅವಳ ಮಾತನ್ನು ಗಮನವಿಟ್ಟು ಕೇಳಿ, ಒಂದು ಸ್ಟೂಲು ಎಂಬುದು ಸ್ಟೂಲಲ್ಲ, ಅದು ಪಾಲಿಸಿ ಎಂದು ತಿಳಿಯಹೇಳಿ ಕಳುಹಿಸಿದ.

ಎದುರಿನ ಹೋಟೆಲಿನಲ್ಲಿ ದಿನಾ ಚಹಾ ಕುಡಿಯಲು ಬರುವ ಜೊಕಿಮಣ್ಣ ಎಂಬ ಬಿಳಿಕೂದಲಿನವರು ಅವಳಿಗೆ ಪರಿಚಯವಾದದ್ದು ಆ ವಾರ. ಮೂವತ್ತು ವರ್ಷದಿಂದ ಕಾರ್ಮಿಕ ಸಂಘ ಕಟ್ಟುವುದೇ ಅವರ ಕಸುಬು. ಅವರ ಚೀಲದಲ್ಲಿ ಸದಸ್ಯತ್ವದ ಫಾರ್ಮುಗಳಿದ್ದವು. ಏಳು ಜನ ಸಹಿ ಹಾಕಿದರೆ ಸಾಕು, ಸಂಘ ಮಾಡಬಹುದು, ಸ್ಟೂಲು ಕೇಳಬಹುದು ಎಂದು ಅವರು ಹೇಳಿದರು. ಹಾಕಲೇಬೇಕೆಂದು ಒತ್ತಾಯ ಮಾಡಲಿಲ್ಲ. ಭವ್ಯಶ್ರೀ ಒಂದು ಫಾರ್ಮನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು. ಮನೆಯಲ್ಲಿ ಗಂಡ ಶೈಲೇಶ್, “ಇದ್ದ ಕೆಲಸ ಹೋದರೆ ಎಂತ ಮಾಡುದು ಮಾರಾಯ್ತಿ, ಸುಮ್ಮನೆ ನಿಲ್ಲು” ಎಂದ. ಕೆಲಸ ಹೋಗುವ ಹೆದರಿಕೆ ಅವಳಿಗೂ ಇತ್ತು. ಕಾಲಿನ ನೋವು ಮಾತ್ರ ಅವಳೊಬ್ಬಳದ್ದು.

ಬ್ಯಾಗಿನೊಳಗಿನ ಫಾರ್ಮಿನ ಸುದ್ದಿ ಎರಡೇ ದಿನದಲ್ಲಿ ಮ್ಯಾನೇಜರರ ಕ್ಯಾಬಿನ್ ತಲುಪಿತು. ಪೃಥ್ವಿರಾಜ್ ಸಿಡುಕಲಿಲ್ಲ, ಬೆದರಿಸಲಿಲ್ಲ. ಕಾಲ ಬದಲಾಗಿದೆ, ಸಿಬ್ಬಂದಿಯ ಹಕ್ಕುಗಳನ್ನು ಗೌರವಿಸಬೇಕು ಎಂದು ಅವನ ಪುಸ್ತಕಗಳಲ್ಲಿತ್ತು. ಆದ್ದರಿಂದ ಮರುದಿನ ಲಿಫ್ಟಿನ ಪಕ್ಕ ಒಂದು ಪ್ರಕಟಣೆ ಅಂಟಿತು.

‘ಸಿಬ್ಬಂದಿಯ ಗಮನಕ್ಕೆ. ಸಂಘವನ್ನು ಬೆಂಬಲಿಸುವ ಅಥವಾ ಬೆಂಬಲಿಸದಿರುವ ನಿರ್ಧಾರವು ಪ್ರತಿಯೊಬ್ಬರ ಪರಮ ಹಕ್ಕಾಗಿದ್ದು, ಆಡಳಿತವು ಅದನ್ನು ಮನಸಾರೆ ಗೌರವಿಸುತ್ತದೆ. ಈ ಹಕ್ಕನ್ನು ಯಾರ ಒತ್ತಡವೂ ಇಲ್ಲದೆ ಚಲಾಯಿಸಲು ಅನುಕೂಲವಾಗುವಂತೆ, ನಿರ್ಧರಿಸಲು ಇಚ್ಛಿಸುವವರು ಮೂರು ದಿನ ಮುಂಚಿತವಾಗಿ ಮ್ಯಾನೇಜರರಿಗೆ ಲಿಖಿತ ಅರ್ಜಿ ಸಲ್ಲಿಸಿ, ಅವರ ಸಮಕ್ಷಮದಲ್ಲಿ ಒತ್ತಡರಹಿತವಾಗಿ ನಿರ್ಧರಿಸತಕ್ಕದ್ದು. ಮನೆಯಲ್ಲಿ, ಬಸ್ಸಿನಲ್ಲಿ ಅಥವಾ ಊಟದ ಬಿಡುವಿನಲ್ಲಿ ಮಾಡಿದ ನಿರ್ಧಾರಗಳನ್ನು ಸ್ವತಂತ್ರ ನಿರ್ಧಾರಗಳೆಂದು ಪರಿಗಣಿಸಲಾಗುವುದಿಲ್ಲ.’

ಭವ್ಯಶ್ರೀ ಕಾನೂನು ಪ್ರಕಾರ ನಡೆಯುವವಳು. ‘ಬರುವ ಗುರುವಾರ ನಾನು ನಿರ್ಧರಿಸಬೇಕೆಂದಿದ್ದೇನೆ, ದಯಮಾಡಿ ಅನುಮತಿ ಕೊಡಬೇಕು’ ಎಂದು ಅರ್ಜಿ ಬರೆದಳು. ಅನುಮತಿ ಸಿಕ್ಕಿತು. ಗುರುವಾರ ಕ್ಯಾಬಿನ್ನಿಗೆ ಹೋದಾಗ ಪೃಥ್ವಿರಾಜ್ ಅವಳ ಮೇಲೆ ಒತ್ತಡ ಬೀಳಬಾರದೆಂದು ತನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕುಳಿತ. ಆ ಗೋಡೆಯಲ್ಲಿ ಸಿಸಿಟಿವಿ ಪರದೆ ಇತ್ತು. ಅದರಲ್ಲಿ ಭವ್ಯಶ್ರೀ ಅಡಿಯಿಂದ ಮುಡಿಯವರೆಗೆ ಕಾಣುತ್ತಿದ್ದಳು. ಹಾಗೆ ಐದು ನಿಮಿಷ ಕಳೆಯಿತು. ಕೊನೆಗೆ ಅವಳು, ಸರ್, ನನಗೆ ಇನ್ನೂ ಸ್ವಲ್ಪ ಯೋಚಿಸಬೇಕು ಎಂದಳು. ‘ಮಾಹಿತಿಯ ಕೊರತೆಯಿಂದ ನಿರ್ಧಾರ ಮುಂದೂಡಲಾಗಿದೆ’ ಎಂದು ಅವನು ಅರ್ಜಿಯ ಮೇಲೆ ಬರೆದ.

ಮಾಹಿತಿಯ ಕೊರತೆ ಎಂದು ಬರೆದ ಮೇಲೆ ಮಾಹಿತಿ ಕೊಡಬೇಕಾಯಿತು. ಪೃಥ್ವಿರಾಜ್ ಎಂಬತ್ತು ಸ್ಲೈಡುಗಳನ್ನು ತಯಾರಿಸಿದ್ದ. ಆದರೆ ಚಿತ್ತರಂಜನ ಶೆಟ್ಟರು ಸ್ಲೈಡಿಗೆ ಒಪ್ಪಲಿಲ್ಲ. ಅರುವತ್ತೆರಡು ವರ್ಷದ ಶೆಟ್ಟರಿಗೆ ಶುಗರು, ಮೊಣಕಾಲು ನೋವು ಮತ್ತು ತಾಳಮದ್ದಳೆಯ ಹುಚ್ಚು ಒಟ್ಟಿಗೆ ಇದ್ದವು. ತಾಳಮದ್ದಳೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಎದುರೆದುರು ಕುಳಿತು ಪಾತ್ರವಾಗಿ ಆ ಕ್ಷಣಕ್ಕೆ ತೋಚಿದ್ದನ್ನು ವಾದಿಸುತ್ತಾರೆ. ಶೆಟ್ಟರು ಹವ್ಯಾಸಿ ಅರ್ಥಧಾರಿ. ತಾವೇ ಖರ್ಚು ಹಾಕಿದ ಕೂಟಗಳಲ್ಲೆಲ್ಲ ತಾವೇ ರಾಜರು. ಎರಡೂ ಕಡೆಯ ವಾದ ಸಿಬ್ಬಂದಿಗೆ ಕೇಳಿಸಬೇಕು ಅಷ್ಟೇ ಅಲ್ಲವಾ, ಅದಕ್ಕೆ ತಾಳಮದ್ದಳೆಯಂಥದ್ದು ಇನ್ನೊಂದಿಲ್ಲ ಎಂದು ಅವರು ತೀರ್ಮಾನಿಸಿದರು. ‘ಸಂಘಭಂಗ’ ಎಂಬ ಹೊಸ ಪ್ರಸಂಗ ಬರೆಸಲಾಯಿತು. ವಸ್ತ್ರಕೇತು ಮಹಾರಾಜನಾಗಿ ಸ್ವತಃ ಶೆಟ್ಟರು. ಸಂಘದ ದೂತನಾಗಿ ನಿವೃತ್ತ ಕನ್ನಡ ಪಂಡಿತ ಮುದ್ದು ಮಾಸ್ಟ್ರು. ಪ್ರಸಂಗದ ಕೊನೆಯ ಸಾಲು ‘ದೂತನು ನಿರುತ್ತರನಾಗಿ ನಿರ್ಗಮಿಸುವುದು’ ಎಂದಿತ್ತು. ಮಾಸ್ಟ್ರು ಅದನ್ನು ಓದಿ, ಸರಿ, ಸೋಲುವ ಎಂದು ಒಪ್ಪಿಕೊಂಡು ವೀಳ್ಯ ತೆಗೆದುಕೊಂಡರು.

ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿ ಕೆಳಮಾಳಿಗೆಯಲ್ಲಿ ವೇದಿಕೆ ಹಾಕಿ ದೀಪ ಹಚ್ಚಿದರು. ಹಾಜರಾತಿ ಐಚ್ಛಿಕವಾಗಿದ್ದು, ಐಚ್ಛಿಕವಾಗಿ ಬಂದವರು ಬಾಗಿಲಲ್ಲಿ ಸಹಿ ಹಾಕಬೇಕಿತ್ತು, ಬಾರದವರು ಸೋಮವಾರ ಕಾರಣ ಬರೆದು ಕೊಡಬೇಕಿತ್ತು. ಬಾಡಿಗೆಗೆ ತಂದ ಕುರ್ಚಿಗಳಲ್ಲಿ ಶೆಟ್ಟರ ನೆಂಟರೂ ಕಲಾಭಿಮಾನಿಗಳೂ ಕುಳಿತರು. ಸಿಬ್ಬಂದಿ ರೂಢಿಯಂತೆ ಹಿಂದೆ ನಿಂತರು.

ಪೀಠಿಕೆಯಲ್ಲಿ ಮಹಾರಾಜ ವಸ್ತ್ರಕೇತು ತನ್ನ ರಾಜ್ಯದ ವೈಭವವನ್ನು ಒಂದು ಗಂಟೆ ಬಣ್ಣಿಸಿದ. ಆಮೇಲೆ ದೂತನ ಕಡೆಗೆ ತಿರುಗಿ ಕೇಳಿದ: “ನನ್ನ ಪ್ರಜೆಗಳು ನಿಂತಿರುವುದು ನನ್ನ ಮೇಲಿನ ಗೌರವದಿಂದ. ಗೌರವಕ್ಕೆ ಆಸನವೇಕೆ ದೂತನೇ?”

ನೆಂಟರು ಚಪ್ಪಾಳೆ ತಟ್ಟಿದರು. ಇಲ್ಲಿಗೆ ಮಾಸ್ಟ್ರು ತಡವರಿಸಿ ಸೋಲಬೇಕಿತ್ತು. ಆದರೆ ಆಗ ಭಾಗವತರು ಎತ್ತಿದ ಪದ್ಯ ಆವೇಶ ಹೆಚ್ಚಿಸುವ ಏರುಪದ್ಯವಾಗಿ, ಚೆಂಡೆಯವನು ಒಂದು ಪೆಟ್ಟು ಹೆಚ್ಚೇ ಕೊಟ್ಟ. ಮಾಸ್ಟ್ರು ಶಾಲನ್ನು ಸರಿಮಾಡಿಕೊಂಡರು.

“ಒಪ್ಪಿದೆ ಮಹಾರಾಜ. ನಿಲ್ಲುವುದೇ ಗೌರವವೆಂದು ತಮ್ಮ ಬಾಯಿಂದ ಬಂತು. ನಾನು ಬಂದದ್ದು ತಮ್ಮ ಪ್ರಜೆಗಳ ಮಾತನ್ನು ಹೊತ್ತು. ಪ್ರಜೆಗಳ ಮೇಲೆ ತಮಗೂ ಗೌರವ ಉಂಟೆಂದು ಲೋಕ ತಿಳಿಯುವುದು ಬೇಡವೇ? ನನ್ನ ಮಾತು ಮುಗಿಯುವವರೆಗೆ ತಾವು ನಿಂತು ಕೇಳುವಂಥವರಾಗಿ.”

ತಾಳಮದ್ದಳೆಯಲ್ಲಿ ಅರ್ಥಧಾರಿ ಎದ್ದು ನಿಂತದ್ದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ. ಏಳದಿದ್ದರೆ ವಾದದಲ್ಲಿ ಸೋಲು. ಎದ್ದರೆ ಮೊಣಕಾಲು. ಕಲೆಯ ಮಾನ ದೊಡ್ಡದೆಂದು ಶೆಟ್ಟರು ಎದ್ದು ನಿಂತರು. ಮಾಸ್ಟ್ರು ಮಾತು ಶುರುಮಾಡಿದರು.

ಅವರು ಅಂಗಾಲಿನಿಂದ ಹೊರಟರು. ಹಿಮ್ಮಡಿಗೆ ಹತ್ತು ನಿಮಿಷ, ಮೀನಖಂಡಕ್ಕೆ ಹದಿನೈದು ನಿಮಿಷ ಕೊಟ್ಟರು. ಮೊಣಕಾಲಿಗೆ ಬರುವಷ್ಟರಲ್ಲಿ ಶೆಟ್ಟರ ಹಣೆ ಬೆವರಿತ್ತು. “ಮರ ನಿಲ್ಲುತ್ತದೆ, ಅದಕ್ಕೆ ಬೇರುಂಟು. ಕಂಬ ನಿಲ್ಲುತ್ತದೆ, ಅದಕ್ಕೆ ಜೀವವಿಲ್ಲ. ಬೇರೂ ಇಲ್ಲದ, ಜೀವವೂ ಇರುವ ಈ ಹೆಣ್ಣುಮಕ್ಕಳು ಯಾವ ಲೆಕ್ಕದಲ್ಲಿ ನಿಲ್ಲಬೇಕು ಮಹಾರಾಜ?” ಎಂದು ಅವರು ಕೇಳಿದಾಗ ಹಿಂದೆ ನಿಂತಿದ್ದ ಭವ್ಯಶ್ರೀಗೆ ಕಣ್ಣೀರು ಬಂತು. ಒಂಬತ್ತು ವರ್ಷದಲ್ಲಿ ತನ್ನ ಕಾಲಿನ ಬಗ್ಗೆ ಈ ಅಂಗಡಿಯಲ್ಲಿ ಒಬ್ಬರು ಬಾಯಿಬಿಟ್ಟು ಮಾತಾಡಿದ್ದು ಇದೇ ಮೊದಲು. ಅದೂ ಇಷ್ಟು ಒಳ್ಳೆಯ ಕನ್ನಡದಲ್ಲಿ.

ನಲವತ್ತೇಳನೆಯ ನಿಮಿಷಕ್ಕೆ ಶೆಟ್ಟರು ಮದ್ದಳೆಯವನ ಹೆಗಲು ಹಿಡಿದುಕೊಂಡರು. “ದೂತನೇ, ಸೋತೆ. ನಿನ್ನ ಸಂಘವೇ ಸರಿ. ಇಂದಿನಿಂದ ನಾನೂ ಅದರಲ್ಲಿ ಒಬ್ಬ” ಎಂದು ಹೇಳಿ ಕುಸಿದು ಕುಳಿತರು. ಭಾಗವತರು ಮಂಗಳ ಹಾಡಿದರು.

ಊಟದ ಪಂಕ್ತಿಯಲ್ಲಿ ಪೃಥ್ವಿರಾಜ್, ಗೆದ್ದದ್ದು ಏಕೆ ಎಂದು ಮಾಸ್ಟ್ರನ್ನು ಕೇಳಿದ. ಸೋಲಬೇಕೆಂದೇ ಬಂದದ್ದು, ಪದ್ಯ ಏರಿದ ಮೇಲೆ ಯಾರ ಕೈಯಲ್ಲಿ ಉಂಟು ಎಂದು ಅವರು ನಿಜವಾಗಿಯೂ ಬೇಸರದಿಂದ ಹೇಳಿ ಪಾಯಸಕ್ಕೆ ಕೈಹಾಕಿದರು. ಅವನು ಶೆಟ್ಟರ ಬಳಿಗೆ ಹೋದ.

“ಮಾವ, ಅದು ಅರ್ಥದಲ್ಲಿ ಬಂದ ಮಾತು ಅಲ್ವಾ? ರಾಜ ಹೇಳಿದ್ದು, ನೀವಲ್ಲ.”

“ದೀಪದ ಎದುರು ಹೇಳಿದ್ದು ಮಾರಾಯ. ಹಿಂದೆ ತೆಗೆದರೆ ನಾಳೆಯಿಂದ ನನ್ನನ್ನು ಯಾವ ಕೂಟಕ್ಕೂ ಕರೆಯುದಿಲ್ಲ.”

ಸೋಮವಾರ ಶೆಟ್ಟರು ಕಾರಿನಲ್ಲಿ ಜೊಕಿಮಣ್ಣನ ಸಂಘದ ಕೋಣೆಗೆ ಹೋಗಿ ಫಾರ್ಮು ಕೇಳಿದರು. ಮೂವತ್ತು ವರ್ಷದಲ್ಲಿ ಜೊಕಿಮಣ್ಣ ಎಷ್ಟೋ ಕಾರ್ಮಿಕರ ಮನೆಬಾಗಿಲಿಗೆ ಅಲೆದದ್ದುಂಟು, ಒಬ್ಬನೂ ಸ್ವಂತ ಕಾರಿನಲ್ಲಿ ಬಂದದ್ದಿಲ್ಲ. ಧಣಿಗಳು ಸಂಘಕ್ಕೆ ಸೇರಲಿಕ್ಕಿಲ್ಲವಲ್ಲ ಎಂದು ಅವರು ಸಂಕೋಚದಿಂದ ಹೇಳಿದರು. ಶೆಟ್ಟರು ಹಾಜರಿ ಪುಸ್ತಕ ತಂದಿದ್ದರು. ತಾಯಿಯ ಕಡೆಯಿಂದ ಬಂದ ಆಸ್ತಿಯಾದ್ದರಿಂದ ಅಂಗಡಿ ಇದ್ದದ್ದು ಅವರ ಅಕ್ಕ, ಪೃಥ್ವಿರಾಜನ ತಾಯಿ ಗುಲಾಬಿಯ ಹೆಸರಿನಲ್ಲಿ. ತೆರಿಗೆಯವರಿಗೆ ತೋರಿಸಲಿಕ್ಕೆ ಶೆಟ್ಟರ ಹೆಸರನ್ನು ಇಪ್ಪತ್ತಾರು ವರ್ಷದಿಂದ ‘ಕ್ರಮ ಸಂಖ್ಯೆ ಒಂದು, ಮಾರಾಟ ಸಹಾಯಕ’ ಎಂದು ಬರೆದುಕೊಂಡು ಬರಲಾಗಿತ್ತು. ಒಂದು ದಿನದ ರಜೆಯೂ ಇರಲಿಲ್ಲ. ಇಷ್ಟು ನಿಷ್ಠೆಯ ಕಾರ್ಮಿಕನಿಗೆ ಇಲ್ಲ ಎನ್ನಲು ಸಂಘದ ನಿಯಮಗಳಲ್ಲಿ ಜಾಗವಿರಲಿಲ್ಲ.

ಅಂದೇ ಲಿಫ್ಟಿನ ಪಕ್ಕ ಹೊಸ ಪ್ರಕಟಣೆ ಬಂತು. ನಿರ್ಧಾರದ ಹಕ್ಕು ಮೊದಲಿನಂತೆಯೇ ಪವಿತ್ರವಾಗಿ ಮುಂದುವರಿಯುವುದೆಂದೂ, ಸಂಘ ಸೇರಲು ಇದುವರೆಗೆ ಹೆದರುತ್ತಿದ್ದವರು ಇನ್ನು ಮುಂದೆ ಸೇರದಿರಲು ಹೆದರುವ ಅಗತ್ಯವಿಲ್ಲವೆಂದೂ ಅದರಲ್ಲಿತ್ತು. ಶೆಟ್ಟರು ಫಾರ್ಮುಗಳ ಕಟ್ಟು ಹಿಡಿದು ಮಾಳಿಗೆ ಮಾಳಿಗೆ ಹತ್ತಿದರು. ಮದುವೆ ಸೀರೆ ವಿಭಾಗಕ್ಕೆ ಬಂದು ಭವ್ಯಶ್ರೀಯ ಕೈಗೆ ತಮ್ಮದೇ ಪೆನ್ನು ಕೊಟ್ಟು, ಒತ್ತಡವಾಗಬಾರದೆಂದು ಕನ್ನಡಿಯ ಕಡೆಗೆ ಮುಖ ತಿರುಗಿಸಿ ನಿಂತರು. ಮೂರು ವಾರದಿಂದ ಅವಳಿಗೆ ಆಗದಿದ್ದ ನಿರ್ಧಾರ ಮೂರು ಸೆಕೆಂಡಿನಲ್ಲಿ ಆಯಿತು. ಸಂಜೆಯೊಳಗೆ ನಲವತ್ತೊಂದು ಮಂದಿಯೂ ಸ್ವತಂತ್ರವಾಗಿ ಸಹಿ ಹಾಕಿದ್ದರು. ಅದು ತನ್ನ ನಿರ್ಧಾರವೇ ಹೌದೋ ಎಂದು ಭವ್ಯಶ್ರೀ ಬಸ್ಸಿನಲ್ಲಿ ಯೋಚಿಸಿದಳು. ಬಸ್ಸಿನಲ್ಲಿ ಯೋಚಿಸಿದ್ದು ಲೆಕ್ಕಕ್ಕಿಲ್ಲ ಎಂಬುದು ನೆನಪಾಗಿ ಬಿಟ್ಟುಬಿಟ್ಟಳು.

ಚಿತ್ತರಂಜನ ಶೆಟ್ಟರು ಅವಿರೋಧವಾಗಿ ಅಧ್ಯಕ್ಷರಾದರು. ಜೊಕಿಮಣ್ಣ ಸಲಹೆಗಾರರಾದರು. ಬೇಡಿಕೆ ಒಂದೇ, ಸ್ಟೂಲು. ಅದನ್ನು ಆಡಳಿತಕ್ಕೆ ಸಲ್ಲಿಸಬೇಕಾದ್ದರಿಂದ, ಕಾಗದದ ಪ್ರಕಾರ ಮಾಲಕಿಯಾದ ಗುಲಾಬಿ ಅಕ್ಕನ ಮನೆಗೆ ಮೆರವಣಿಗೆ ಹೊರಟಿತು. ಮುಂದೆ ಅಧ್ಯಕ್ಷರ ಕಾರು, ಹಿಂದೆ ಎರಡು ವ್ಯಾನು. ಕೂಳೂರು ಸೇತುವೆ ದಾಟುವಾಗ ಘೋಷಣೆ ಕೂಗಲಾಯಿತು.

ಗುಲಾಬಿ ಅಕ್ಕ ಹಿತ್ತಲಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದರು. ಕೈತೊಳೆದು ಬಂದು ಎಲ್ಲರಿಗೂ ಪುನರ್ಪುಳಿ ಶರಬತ್ತು ಮಾಡಿಸಿ ಕೊಟ್ಟು, ಕನ್ನಡಕ ಹಾಕಿ ಮನವಿ ಓದಿದರು.

“ಸ್ಟೂಲಾ? ಕೊಡುವ. ಇಷ್ಟಕ್ಕೆ ಎಂತಕ್ಕೆ ಇಷ್ಟು ಜನ ಬಂದದ್ದು ಚಿತ್ತ?”

ಭವ್ಯಶ್ರೀಗೆ ಆ ಮುದುಕಿಯ ಕಾಲಿಗೆ ಬೀಳಬೇಕೆನಿಸಿತು. ಅಷ್ಟು ಸಂತೋಷವಾಗಿತ್ತು. ಆದರೆ ಅಧ್ಯಕ್ಷರ ಮುಖ ಕಪ್ಪಿಟ್ಟಿತ್ತು. ಇಪ್ಪತ್ತು ಘೋಷಣೆ, ಏಳು ಹಂತದ ಹೋರಾಟ, ಒಂದು ಸಮಾರೋಪ ಭಾಷಣ ಅವರಲ್ಲಿ ತಯಾರಿತ್ತು. ನಾಲ್ಕೇ ನಿಮಿಷದಲ್ಲಿ ಎಲ್ಲ ಮುಗಿಯುವುದೆಂದರೆ ಅವರಿಗೆ ಮುಖಭಂಗವೇ.

“ಹೀಗೆ ಕೇಳಿದ ಕೂಡಲೇ ಕೊಡ್ಲಿಕ್ಕಿಲ್ಲ ಅಕ್ಕ. ಮೊದಲು ನಿರಾಕರಿಸ್ಬೇಕು.”

“ಎಂತಕ್ಕೆ ನಿರಾಕರಿಸುದು? ಕೂತ್ಕೊಳ್ಳಲಿ, ಪಾಪ.”

ಅಕ್ಕನಿಗೆ ಕಾರ್ಮಿಕ ಚಳವಳಿಯ ತಿಳಿವಳಿಕೆ ಇಲ್ಲವೆಂದು ಅಧ್ಯಕ್ಷರು ವಾಪಸು ಬರುವಾಗ ಹೇಳಿದರು. ಆ ಬುಧವಾರವೇ ಅಕ್ಕ ಕಳುಹಿಸಿದ ನಲವತ್ತೆರಡು ಸ್ಟೂಲುಗಳು ಟೆಂಪೋದಲ್ಲಿ ಬಂದವು. ಅಧ್ಯಕ್ಷರದ್ದೂ ಸೇರಿ ಲೆಕ್ಕ ಸರಿಯಾಗಿತ್ತು. ಮೆತ್ತನೆಯ ಕಂದು ಸೀಟು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಸಂಘವು ತುರ್ತುಸಭೆ ಸೇರಿ ಹೀಗೆ ನಿರ್ಣಯಿಸಿತು: ‘ಹೋರಾಟವಿಲ್ಲದೆ ದೊರೆತ ಸೌಲಭ್ಯವು ಕಾರ್ಮಿಕರ ಆತ್ಮಗೌರವಕ್ಕೆ ಕುಂದಾಗಿರುವುದರಿಂದ, ಹೋರಾಟವು ಜಯ ಗಳಿಸುವವರೆಗೆ ಸದರಿ ಸ್ಟೂಲುಗಳನ್ನು ಗೋದಾಮಿನಲ್ಲಿ ಇಡತಕ್ಕದ್ದು, ಅವುಗಳ ಮೇಲೆ ಯಾರೂ ಕುಳಿತುಕೊಳ್ಳತಕ್ಕದ್ದಲ್ಲ.’ ಎಲ್ಲರೂ ಕೈ ಎತ್ತಿದರು. ಪೆನ್ನು ಕೊಟ್ಟವರೇ ಕೈಗಳನ್ನೂ ಎಣಿಸುತ್ತಿದ್ದರು. ಕೊಟ್ಟಾಯಿತಲ್ಲ, ಇನ್ನು ಹೋರಾಡುವುದು ಯಾರ ವಿರುದ್ಧ ಎಂಬ ಒಂದು ಸಣ್ಣ ಸಂಶಯ ಜೊಕಿಮಣ್ಣನಿಗಿತ್ತು. ಅದನ್ನು ಹೋರಾಟ ಸಮಿತಿ ಪರಿಶೀಲಿಸುತ್ತದೆ ಎಂದು ಅಧ್ಯಕ್ಷರು ಭರವಸೆ ಕೊಟ್ಟರು. ಏಳನೆಯ ಕಲಮು ಉಳಿದದ್ದಕ್ಕೆ ಪೃಥ್ವಿರಾಜನಿಗೂ ಸಮಾಧಾನವಾಯಿತು.

ಹೋರಾಟ ಮೊದಲಾಯಿತು. ದಿನಾ ಸಂಜೆ ಐದರಿಂದ ಐದೂಕಾಲರವರೆಗೆ ಸಿಬ್ಬಂದಿ ಅಂಗಡಿಯ ಮೆಟ್ಟಿಲಲ್ಲಿ ನಿಂತು ಕೂಗುತ್ತಿದ್ದರು. ಶುಗರು ಇರುವ ಅಧ್ಯಕ್ಷರು ಮಾತ್ರ ಕುರ್ಚಿಯಲ್ಲಿ ಕುಳಿತು ನೇತೃತ್ವ ವಹಿಸುತ್ತಿದ್ದರು. ಗದ್ದಲ ನೋಡಲು ನಿಂತವರು ಹೇಗೂ ಬಂದದ್ದಾಯಿತೆಂದು ಒಳಗೆ ಹೋಗಿ ಸೀರೆ ನೋಡತೊಡಗಿದರು. ವ್ಯಾಪಾರ ಏರಿತು. ಹೋರಾಟವನ್ನು ತೀವ್ರಗೊಳಿಸಬೇಕೆಂದು ಆಡಳಿತವೂ ಸಂಘವೂ ಒಂದೇ ದಿನ ಬೇರೆ ಬೇರೆಯಾಗಿ ತೀರ್ಮಾನಿಸಿದವು. ದೀಪಾವಳಿ ಸಮಯದಲ್ಲಿ ಅದನ್ನು ಒಂದು ಗಂಟೆಗೆ ಏರಿಸಲಾಯಿತು.

ಎಂಟನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಭವ್ಯಶ್ರೀ ಸೀರೆಯ ಕಟ್ಟು ತರಲು ಗೋದಾಮಿಗೆ ಹೋದಳು. ಕಾಲಿನ ನರ ಎಳೆದು ಹಿಡಿದಿತ್ತು. ಗೋಡೆ ಹಿಡಿದುಕೊಂಡು ಸುತ್ತ ನೋಡಿದಳು. ಯಾರೂ ಇರಲಿಲ್ಲ. ಹತ್ತಿರದ ಸ್ಟೂಲಿನ ಮೇಲೆ ಕುಳಿತಳು. ಪ್ಲಾಸ್ಟಿಕ್ಕು ಚರಕ್ಕೆಂದಿತು. ನಾಲ್ಕು ನಿಮಿಷ ಅವಳಿಗೆ ಸ್ವರ್ಗ ಎಂದರೆ ಇಷ್ಟೇ ಎತ್ತರದಲ್ಲಿ ಇರುವುದು ಅನಿಸಿತು.

ಕ್ಯಾಮರಾ ಇತ್ತು. ಮರುದಿನ ಅವಳಿಗೆ ಎರಡು ನೋಟಿಸು ಬಂದವು. ಕೆಲಸದ ವೇಳೆಯಲ್ಲಿ ಕುಳಿತದ್ದೇಕೆಂದು ಆಡಳಿತದ್ದು. ಹೋರಾಟದ ನಡುವೆ ಕುಳಿತು ಕಾರ್ಮಿಕರಿಗೆ ದ್ರೋಹ ಬಗೆದದ್ದೇಕೆಂದು ಸಂಘದ್ದು. ಎರಡರ ಕೆಳಗೂ ಒಂದೇ ಸಹಿ, ಶೆಟ್ಟರದ್ದು. ಭವ್ಯಶ್ರೀಗೆ ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆ ಬಂತು, ಆಮೇಲೆ ಉಪಾಯ ಹೊಳೆಯಿತು. ಸಂಘದ ಪ್ರಚೋದನೆಯಿಂದ ಕುಳಿತೆನೆಂದು ಆಡಳಿತಕ್ಕೂ, ಆಡಳಿತದ ಆಮಿಷಕ್ಕೆ ಬಲಿಯಾಗಿ ಕುಳಿತೆನೆಂದು ಸಂಘಕ್ಕೂ ಬರೆದು ಕೊಟ್ಟಳು. ಎರಡೂ ವಿವರಣೆಗಳು ತೃಪ್ತಿಕರವೆಂದು ಅಂಗೀಕಾರವಾದವು. ಇಷ್ಟು ತಿಳಿವಳಿಕೆಯವಳನ್ನು ಸುಮ್ಮನೆ ಬಿಡಬಾರದೆಂದು ಸಂಘ ಮತ್ತು ಆಡಳಿತ ಸೇರಿ ಅವಳನ್ನು ‘ಸ್ಟೂಲು ಸಂರಕ್ಷಣಾಧಿಕಾರಿ’ಯಾಗಿ ನೇಮಿಸಿದವು. ಬೇರೆ ಯಾರೂ ಒಳಹೊಕ್ಕು ಕೂರದಂತೆ ಗೋದಾಮಿನ ಬಾಗಿಲಲ್ಲಿ ನಿಲ್ಲುವುದು ಕೆಲಸ. ಎದೆಗೆ ಒಂದು ಬ್ಯಾಡ್ಜು.

ಆಪರೇಶನ್ನಿಗೆ ಅವಳು ಕೇಳಿದ ಹತ್ತು ದಿನದ ರಜೆಗೆ ಸಮಿತಿ ಆಕ್ಷೇಪಿಸಲಿಲ್ಲ. ‘ಮಲಗುವುದು ಕುಳಿತುಕೊಳ್ಳುವುದರ ವ್ಯಾಪ್ತಿಗೆ ಬಾರದಿರುವುದರಿಂದ ಹೋರಾಟಕ್ಕೆ ಧಕ್ಕೆಯಿಲ್ಲ’ ಎಂದು ಬರೆದು ಮಂಜೂರು ಮಾಡಿತು. ಸಂಘದ ವತಿಯಿಂದ ಹಣ್ಣಿನ ಬುಟ್ಟಿಯೂ ಬಂತು. ಶೈಲೇಶ್ ಆಸ್ಪತ್ರೆಯಲ್ಲಿ ಆ ಬುಟ್ಟಿಯನ್ನು ಎಲ್ಲರಿಗೂ ತೋರಿಸಿ, ಹೀಗೆ ನೋಡಿಕೊಳ್ಳುವ ಸಂಘ ಎಲ್ಲಿ ಸಿಗುತ್ತದೆ ಎಂದ. ಹನ್ನೊಂದನೆಯ ದಿನ ಅವಳು ಕಾಲಿಗೆ ಬಿಗಿಪಟ್ಟಿ ಸುತ್ತಿಕೊಂಡು ಬಾಗಿಲಿಗೆ ವಾಪಸಾದಳು.

ಅದೇ ವಾರ ಮನ್ವಿತಾ ಎಂಬ ಹೊಸ ಹುಡುಗಿ ಸೇರಿದಳು. ಮೊದಲ ದಿನವೇ ಸಂಘದ ಫಾರ್ಮಿಗೆ ಸಹಿ ಹಾಕಿದಳು. ನಾಲ್ಕು ಗಂಟೆಯ ಹೊತ್ತಿಗೆ ಗೋದಾಮಿನ ಬಾಗಿಲಿಗೆ ಬಂದು, ಒಂದು ಕಾಲನ್ನು ಇನ್ನೊಂದಕ್ಕೆ ಉಜ್ಜುತ್ತ, ಕುಳಿತುಕೊಳ್ಳಲಿಕ್ಕೆ ಏನಾದರೂ ಉಂಟಾ ಅಕ್ಕ ಎಂದು ಕೇಳಿದಳು.

“ಉಂಟು. ನಲವತ್ತೆರಡು ಉಂಟು. ನಿನ್ನದು ಒಂದಕ್ಕೆ ಬರೆದು ಹಾಕ್ತೇನೆ, ಅದೂ ಬರ್ತದೆ” ಎಂದಳು ಭವ್ಯಶ್ರೀ. ಆಮೇಲೆ ಹುಡುಗಿಯ ಕಾಲಿನ ಕಡೆ ನೋಡಿ ದನಿ ತಗ್ಗಿಸಿದಳು. “ಗೋಡೆಗೆ ಒರಗ್ಬೇಡ, ಕ್ಯಾಮರಾ ಉಂಟು. ಸ್ವಲ್ಪ ಹೊತ್ತು ಎಡಗಾಲಿಗೆ ಭಾರ ಹಾಕು, ಸ್ವಲ್ಪ ಹೊತ್ತು ಬಲಗಾಲಿಗೆ. ಹೀಗೆ ಮಾಡಿದರೆ ಒಂಬತ್ತು ವರ್ಷ ಎಂತದೂ ಆಗುದಿಲ್ಲ.”

ಮನ್ವಿತಾ ಹಾಗೇ ಮಾಡಿ ನೋಡಿದಳು. ಸರಿಯಾಗುತ್ತದೆ ಅಕ್ಕ ಎಂದಳು.